ಆಯಿಯ ಮುಖಕ್ಕೆ ಇಸ್ತ್ರಿ

ಅರವತ್ತೆಂಟು ವರ್ಷದ ಮುದುಕಿಯೊಬ್ಬಳನ್ನು ಒಂದೇ ಮಧ್ಯಾಹ್ನದಲ್ಲಿ ಮೂವತ್ತೈದಕ್ಕೆ ಇಳಿಸಿ, ಸರಕಾರದಿಂದ ಆಕೆಗೆ ಬರಬೇಕಾಗಿದ್ದ ಮುಪ್ಪಿನ ಪಗಾರಕ್ಕೆ ಕಲ್ಲು ಹಾಕಿದ ಮಹಾನುಭಾವ ನಾನೇ. ಬೇರೆಯವರ ಬಾಯಿಂದ ಕೇಳುವುದಕ್ಕಿಂತ ಇದನ್ನು ನನ್ನ ಬಾಯಿಂದಲೇ ಕೇಳಿಬಿಡಿ. ಯಾಕೆಂದರೆ ನಮ್ಮ ಇಳಕಲ್ಲಿನಲ್ಲಿ ಈ ಸಂಗತಿ ಈಗಾಗಲೇ ನಾಲ್ಕು ರೀತಿಯಲ್ಲಿ ಓಡಾಡುತ್ತಿದೆ. ಒಂದರಲ್ಲಿ ನಾನು ಪೊಲೀಸ್ ಠಾಣೆಗೂ ಹೋಗಿ ಬಂದಿದ್ದೇನೆ. ಹೋಗಿಲ್ಲ. ಹೋಗಿದ್ದರೆ ಇಷ್ಟು ನಾಚಿಕೆಯಾಗುತ್ತಿರಲಿಲ್ಲ.

ಮೊನ್ನೆ ಇದೆಲ್ಲ ಮತ್ತೆ ನೆನಪಾದದ್ದು ಒಂದು ಪೆನ್ಸಿಲಿನಿಂದ. ಸ್ಟುಡಿಯೋದ ಹಳೆಯ ಮೇಜಿನ ಖಾನೆ ಸ್ವಚ್ಛ ಮಾಡುತ್ತಿದ್ದೆ. ಮೂಲೆಯಲ್ಲಿ ಚುಚ್ಚಿತು. ಎಳೆದು ನೋಡಿದರೆ ಸಂಗಪ್ಪ ಮಾಸ್ತರರ ಪೆನ್ಸಿಲು. ಸೀಸ ಒಂದು ಇಂಚು ಹೊರಗೆ, ತುದಿ ದಬ್ಬಣದ ಹಾಗೆ. ಬರೆಯುವ ಪೆನ್ಸಿಲಲ್ಲ ಅದು, ಮುಖ ತಿದ್ದುವ ಪೆನ್ಸಿಲು. ಕಂಪ್ಯೂಟರು ಬರುವ ಮೊದಲು ಮಾಸ್ತರರು ನೆಗೆಟಿವನ್ನು ಗಾಜಿನ ಮೇಲಿಟ್ಟು, ಹಿಂದಿನಿಂದ ಬೆಳಕು ಬಿಟ್ಟು, ಕಣ್ಣಿಗೆ ಭೂತಗನ್ನಡಿ ಹಿಡಿದು, ಈ ಪೆನ್ಸಿಲಿನಿಂದ ಜನರ ಮೈಲಿಬೇನೆಯ ಕುಳಿಗಳನ್ನು ತುಂಬುತ್ತಿದ್ದರು. ರಸ್ತೆಯ ಕುಳಿ ತುಂಬದ ಊರಿನಲ್ಲಿ ಮುಖದ ಕುಳಿ ತುಂಬುವವರು ಒಬ್ಬರಾದರೂ ಇದ್ದರು.

ಮಾಸ್ತರರು ಯಾವ ಶಾಲೆಯಲ್ಲೂ ಕಲಿಸಿದವರಲ್ಲ. ಸ್ಟುಡಿಯೋದ ಮಾಲೀಕರು. ಆದರೆ ಗಿರಾಕಿಯನ್ನು ಸ್ಟೂಲಿನ ಮೇಲೆ ಕೂರಿಸಿದರೆ ಸಾಕು, ಅವರೊಳಗಿನ ಹೆಡ್‌ಮಾಸ್ತರು ಎದ್ದು ನಿಲ್ಲುತ್ತಿದ್ದರು.

"ಬೆನ್ನ ನೆಟ್ಟಗ ಮಾಡ್ರಿ. ಗದ್ದ ಕೆಳಗ. ಅಷ್ಟ ಅಲ್ರಿ, ಎದಿಗಿ ಹತ್ತಿತು. ಹಾಂ... ಈಗ ಉಸರ ಹಿಡೀರಿ."

ಉಸಿರು ಹಿಡಿಯಲು ಹೇಳಿ ಲೈಟು ಸರಿಮಾಡಲು ಹೋಗಿಬಿಡುತ್ತಿದ್ದರು. ಇತ್ತ ಗಿರಾಕಿ ಬದನೆಕಾಯಿಯ ಬಣ್ಣಕ್ಕೆ ತಿರುಗಿ ಕೂತಿರುತ್ತಿದ್ದ. ನಮ್ಮೂರಿನ ಎಷ್ಟೋ ಹಿರಿಯರು ತಮ್ಮ ಫೋಟೋದಲ್ಲಿ ಕಣ್ಣು ಹೊರಗೆ ಬಂದು ನಿಂತಿದ್ದರೆ ಅದು ಗಾಂಭೀರ್ಯವಲ್ಲ, ಆಮ್ಲಜನಕದ ಕೊರತೆ. ಇದನ್ನು ನಾನು ಬಜಾರಿನಲ್ಲಿ ಅಭಿನಯಿಸಿ ತೋರಿಸುತ್ತಿದ್ದೆ. ನಕಲಿ ಮಾಡುವುದು ನನ್ನ ಹುಟ್ಟುಗುಣ. ಅಪ್ಪ ಕೆಮ್ಮುವ ರೀತಿ, ಕಂಡಕ್ಟರ್ ಚಿಲ್ಲರೆ ಇಲ್ಲ ಎನ್ನುವ ರೀತಿ, ಗ್ರಾನೈಟ್ ಮಾಲೀಕರು ಹೊಸ ಕಾರಿನಿಂದ ಇಳಿಯುವಾಗ ಹೊಟ್ಟೆ ಮೊದಲು ಇಳಿದು ಆಮೇಲೆ ಅವರು ಇಳಿಯುವ ರೀತಿ, ಎಲ್ಲ ನನ್ನ ಬಳಿ ಸಂಗ್ರಹವಿತ್ತು. ನಡುವೆ ನನ್ನದೂ ಒಂದು ಇರುತ್ತಿತ್ತು: ಕನ್ನಡಿ ಕಂಡೊಡನೆ ಕೂದಲಿಗೆ ಕೈ ಹಾಕಿ, ಕೂದಲಿಲ್ಲದ ಜಾಗ ಸಿಕ್ಕು, ಏನೂ ಆಗಿಲ್ಲವೆಂಬಂತೆ ಕಿವಿ ಕೆರೆದುಕೊಳ್ಳುವುದು. ಇಪ್ಪತ್ತೊಂದಕ್ಕೇ ನನ್ನ ನೆತ್ತಿ ಖಾಲಿಯಾಗಲು ಶುರುವಾಗಿತ್ತು.

ತಮ್ಮ ಸ್ಟುಡಿಯೋದಲ್ಲಿ ಕೆಲಸಕ್ಕಿದ್ದ ಇಂಥವನನ್ನು ಮಾಸ್ತರರು ಫೋಟೋ ತಿದ್ದುವುದನ್ನು ಕಲಿತು ಬಾ ಎಂದು ಬಾಗಲಕೋಟೆಗೆ ಕಳಿಸಿದರು. ಊರಿಗೆ ಡಿಜಿಟಲ್ ಕ್ಯಾಮೆರಾ ಹೊಸದಾಗಿ ಬಂದ ಕಾಲ. ಸ್ಟುಡಿಯೋಗೆ ಒಂದು ಕ್ಯಾಮೆರಾ, ಒಂದು ಕಂಪ್ಯೂಟರು, ಒಂದು ಪ್ರಿಂಟರು ಬಂದಿದ್ದವು. ಮೂರಕ್ಕೂ ಮಾಸ್ತರರು ಊದಿನಕಡ್ಡಿ ಬೆಳಗಿ ವಿಭೂತಿ ಹಚ್ಚಿದ್ದರು. ಮುಟ್ಟಲು ಮಾತ್ರ ಹೆದರುತ್ತಿದ್ದರು.

ಅಲ್ಲಿನ ವಿದ್ಯಾಗಿರಿ ಬಡಾವಣೆಯ ಒಂದು ಕಂಪ್ಯೂಟರ್ ಕ್ಲಾಸಿನಲ್ಲಿ ನನ್ನ ಮೂರು ತಿಂಗಳ ವಿದ್ಯಾಭ್ಯಾಸ. ಕಲಿಸುತ್ತಿದ್ದ ಮೇಡಂ ಮೈಸೂರು ಕಡೆಯವರು. ಅವರ ಬಾಯಲ್ಲಿ ಮೊಡವೆ ಕೂಡ ಮಲ್ಲಿಗೆಯ ಹಾಗೆ ಕೇಳಿಸುತ್ತಿತ್ತು.

"ನೋಡಿ, ಮೊದಲು ಆಲ್ಟ್ ಕೀ ಒತ್ತಿಕೊಂಡು, ಚೆನ್ನಾಗಿರೋ ಚರ್ಮದ ಮೇಲೆ ಕ್ಲಿಕ್ ಮಾಡಿ. ಆಮೇಲೆ ಕಲೆ ಇರೋ ಕಡೆ ಮೆಲ್ಲಗೆ ಒತ್ತಿ. ಅಲ್ಲಿಯ ಚರ್ಮ ಇಲ್ಲಿಗೆ ಬರತ್ತೆ. ಆದರೆ ಮೂಲ ಫೋಟೋನ ಮುಟ್ಟಬೇಡಿ, ಮೊದಲು ಬೇರೆ ಹೆಸರಲ್ಲಿ ಒಂದು ಪ್ರತಿ ಇಟ್ಕೊಳ್ಳಿ."

ಈ ಕೊನೆಯ ವಾಕ್ಯವನ್ನು ನಾನು ಎಷ್ಟು ಚೆನ್ನಾಗಿ ಕಲಿತೆನೆಂದರೆ, ಅವರು ಹೊರಗೆ ಹೋದಾಗಲೆಲ್ಲ ಎದ್ದು ನಿಂತು, ಕತ್ತು ಒಂದಿಷ್ಟು ಓರೆ ಮಾಡಿ, "ಮೂಲ ಫೋಟೋನ ಮುಟ್ಟಬೇಡಿ" ಎಂದು ಅವರದೇ ದನಿಯಲ್ಲಿ ಹೇಳುತ್ತಿದ್ದೆ. ಒಂದು ದಿನ ಕ್ಲಾಸು ನಗಲಿಲ್ಲ. ತಿರುಗಿ ನೋಡಿದರೆ ಮೇಡಂ ಬಾಗಿಲಲ್ಲಿದ್ದರು.

"ನಾನು ಹೇಳಿದ ಹಾಗೆ ಹೇಳೋದು ಬಂತು," ಎಂದರು ಶಾಂತವಾಗಿ. "ಹೇಳಿದ ಹಾಗೆ ಮಾಡೋದು ಯಾವಾಗ ಬರತ್ತೆ?"

ಇನ್ನೂ ಬಂದಿಲ್ಲ, ಮೇಡಂ.

ಅಭ್ಯಾಸಕ್ಕೆಂದು ಅಪ್ಪನ ಫೋಟೋ ತೆಗೆದುಕೊಂಡು ಹೋಗಿದ್ದೆ. ಅಪ್ಪನ ಹಣೆಯ ಮೇಲೆ ಹಳೆಯ ಗಾಯದ ಕಲೆಯೊಂದಿದೆ. ಅದನ್ನು ಮುಚ್ಚಲು ಒಳ್ಳೆಯ ಚರ್ಮ ಬೇಕಲ್ಲ, ಎಲ್ಲಿ ಕ್ಲಿಕ್ ಮಾಡಿದೆನೋ ಏನೋ, ಒತ್ತಿದ ಕೂಡಲೇ ಹಣೆಯ ಮೇಲೆ ಮೀಸೆ ಮೂಡಿತು. ಕೆಳಗೊಂದು, ಮೇಲೊಂದು. ಅಳಿಸುವ ಬದಲು ನಾನು ಅದನ್ನು ಪ್ರಿಂಟು ಹಾಕಿಸಿ ಮನೆಗೆ ತಂದೆ. ಅಪ್ಪ ಬಹಳ ಹೊತ್ತು ನೋಡಿದರು.

"ಮೀಸಿ ಮ್ಯಾಲ ಹತ್ತೇತಿ," ಎಂದರು. "ಮಾನ ಎಲ್ಲಿಗಿ ಇಳಿದೇತಿ ನೋಡು, ಅಲ್ಲೇ ಎಲ್ಯಾರ ಬಿದ್ದಿರ್ತೈತಿ."

ಅಂತೂ ಕಲಿತೆ. ಬಂದ ಹೊಸದರಲ್ಲಿ ನನ್ನ ಕೈಗೆ ತುರಿಕೆ. ಮದುವೆಯಾದ ಹೊಸ ಜೋಡಿಯೊಂದು ಐಹೊಳೆಗೆ ಹೋಗಿ, ಗುಡಿಯ ಮುಂದೆ ಕೈ ಕೈ ಹಿಡಿದು ಫೋಟೋ ತೆಗೆಸಿಕೊಂಡು ಬಂದು, "ಹಿಂದಿನ ಹಳೆ ಕಲ್ಲೆಲ್ಲಾ ತಗದು ಬರಫ್ ಹಾಕ್ರಿ" ಎಂದಿತು. ಹಾಕಿದೆ. ಆ ಕಲ್ಲು ನೋಡಲೆಂದೇ ಹಿಮದ ದೇಶದವರು ವಿಮಾನ ಹತ್ತಿ ಬರುತ್ತಾರೆ. ನಾನು ಮಾತ್ರ ಬನಿಯನ್ನಿನಲ್ಲಿ ಬೆವರುತ್ತ ಕೂತು ಒಂದೂವರೆ ಸಾವಿರ ವರ್ಷದ ಗುಡಿಯನ್ನು ಮೌಸಿನಿಂದ ಕೆಡವುತ್ತಿದ್ದೆ.

ಮಾಸ್ತರರು ನನ್ನ ಹಿಂದೆ ನಿಂತು ನೋಡುತ್ತಿದ್ದರು. ಕಂಪ್ಯೂಟರು ಅವರಿಗೆ ಬಾರದು, ಆದರೆ ಮುಖ ಬರುತ್ತಿತ್ತು.

"ಮಲ್ಲ್ಯಾ, ಮಾರಿ ಅಂದ್ರ ಸೀರಿ ಇದ್ದಂಗ. ಕಲಿ ತಗಿ. ನೇಯ್ಗಿ ತಗೀಬ್ಯಾಡ."

"ಯಾವ್ದು ಕಲಿ, ಯಾವ್ದು ನೇಯ್ಗಿ, ಹೆಂಗ ಗೊತ್ತಾಗಬೇಕ್ರಿ ಮಾಸ್ತರ?"

"ನಿನ್ನೆ ಬಂದದ್ದು ಕಲಿ. ಹುಟ್ಟಿದಾಗಿಂದ ಇದ್ದದ್ದು ನೇಯ್ಗಿ. ಮೊಡವಿ ತಗಿ, ಮಚ್ಚಿ ಬಿಡು."

ಎಷ್ಟು ಸರಳ ನೋಡಿ: ಕಲೆ ತೆಗೆ, ನೇಯ್ಗೆ ಬಿಡು. ಈ ಸೂತ್ರವನ್ನು ಹಿಡಿದುಕೊಂಡು ನಾನು ಆರು ತಿಂಗಳು ಚೆನ್ನಾಗಿಯೇ ನಡೆದೆ. ಆಮೇಲೆ ನಾಗವ್ವಾಯಿ ಬಂದಳು.

ನಾಗವ್ವಾಯಿ ನಮ್ಮ ಓಣಿಯವಳು. ನಮ್ಮ ಕಡೆ ಅಜ್ಜಿಗೆ ಆಯಿ ಎನ್ನುತ್ತಾರೆ. ಈಕೆ ಓಣಿಗೆಲ್ಲ ಆಯಿ. ಐವತ್ತು ವರ್ಷ ಆಕೆ ಮಾಡಿದ ಕೆಲಸ ಒಂದೇ: ಮಗ್ಗದ ಮುಂದೆ ಕೂತು ಇಳಕಲ್ ಸೀರೆಯ ಒಡಲಿನ ಎಳೆಗೂ ಸೆರಗಿನ ಎಳೆಗೂ ಒಂದೊಂದಾಗಿ ಕೊಂಡಿ ಹಾಕಿ ಕೂಡಿಸುವುದು. ಕೂದಲಿನಂಥ ಎಳೆ, ಸಾವಿರಗಟ್ಟಲೆ. ಕಡೆಕಡೆಗೆ ಕಣ್ಣು ಮಂಜಾಗಿ, ಎಳೆಗೆ ಎಳೆ ಸಿಗದೆ ಕೆಲಸ ಬಿಟ್ಟಿದ್ದಳು. ಮಗ ಸೊಸೆ ಚೆನ್ನಾಗಿಯೇ ನೋಡಿಕೊಳ್ಳುತ್ತಿದ್ದರು. ಆದರೂ ಆಕೆಗೆ ಮುಪ್ಪಿನ ಪಗಾರ ಬೇಕಾಗಿತ್ತು. ಯಾಕೆಂದು ಆಕೆಯೇ ಹೇಳಿದ್ದಳು:

"ಊಟಾ ಸೊಸಿ ಹಾಕ್ತಾಳ, ಖರೆ. ಎಲಿ-ಅಡಕಿಗೂ ಆಕಿ ಮುಂದ ಕೈ ಒಡ್ಡಲೇನು? ಹದಿನಾಲ್ಕನೇ ವರ್ಸದಿಂದ ದುಡದ ಕೈಯಪಾ ಇದು. ಬೇಡಾಕ ಬರೂದುಲ್ಲ ಇದಕ್ಕ."

ಆಯಿ ನನ್ನ ಅಭಿನಯದ ಕಾಯಂ ಪಾತ್ರ. ಆಕೆ ಎಲೆ ಅಗಿಯುತ್ತ ಬಯ್ಯುವುದು, ಬಯ್ಯುತ್ತ ನಗುವುದು, ನಗುತ್ತ ಕೆಮ್ಮುವುದು, ಕೆಮ್ಮಿನ ನಡುವೆ ಬೈಗುಳ ಎಲ್ಲಿ ನಿಂತಿತ್ತೋ ಅಲ್ಲಿಂದಲೇ ಮುಂದುವರಿಸುವುದು, ಇದನ್ನು ಓಣಿಯ ಕಟ್ಟೆಯ ಮೇಲೆ ಎಷ್ಟು ಸಲ ಮಾಡಿದ್ದೇನೋ. ಆಕೆಯ ಎದುರಿಗೂ ಮಾಡಿದ್ದೇನೆ. "ಬರೊಬ್ಬರಿ ಬಂತು. ಆದ್ರ ನಾ ಇಷ್ಟು ಕೆಟ್ಟ ಕಾಣೂದುಲ್ಲ" ಎಂದಿದ್ದಳು.

ಪಗಾರದ ಅರ್ಜಿಯ ಫೋಟೋಗೆಂದು ಬಂದ ದಿನ ಆಯಿ ಟ್ರಂಕಿನಿಂದ ತೆಗೆದ ಸೀರೆ ಉಟ್ಟಿದ್ದಳು. ಸೆರಗು ತಲೆಯ ಮೇಲೆ, ಹಣೆಯವರೆಗೆ. ಮಾಸ್ತರರು ಸೆರಗು ಹಿಂದೆ ಸರಿಸಲು ಹೇಳಿದರು.

"ಎರಡೂ ಕಿವಿ ಕಾಣಬೇಕಂತ ಆಯಿ, ಹುನಗುಂದದ ತಹಸೀಲ ಕಚೇರಿಯವರದು ನಿಯಮ ಐತಿ."

"ಕಿವಿ ಯಾಕ ಬೇಕೋ ಅವರಿಗಿ? ನನಗ ಕೇಳ್ಸೂದುಲ್ಲ ಅಂತ ಹುನಗುಂದ್ತನಾ ಸುದ್ದಿ ಹೋಗೇತೇನು?"

ಫೋಟೋ ತೆಗೆದದ್ದಾಯಿತು. ಅಂದೇ ಮಾಸ್ತರರಿಗೆ ಬದಾಮಿಯಲ್ಲಿ ಮೂರು ದಿನದ ಮದುವೆ ಕೆಲಸ. ಫೋಟೋವನ್ನು ಕಂಪ್ಯೂಟರಿಗೆ ಇಳಿಸಿಸಿ, ಕ್ಯಾಮೆರಾದ ಕಾರ್ಡು ಖಾಲಿ ಮಾಡಿಸಿ, ಕ್ಯಾಮೆರಾ ಹೆಗಲಿಗೆ ಹಾಕಿಕೊಂಡು ಹೊರಟರು. ಬಾಗಿಲಲ್ಲಿ ನಿಂತು ಹೇಳಿದರು:

"ಆಯೀದು ಏನೂ ಮಾಡಾಕ ಹೋಗಬ್ಯಾಡ. ಹಂಗ ಪ್ರಿಂಟ್ ಹಾಕಿ ಕೊಡು."

ನಾನು ಹೂಂ ಅಂದೆ. ಪರದೆಯ ಮೇಲೆ ಆಯಿಯ ಮುಖ ದೊಡ್ಡದಾಗಿ ಕಂಡಿತು. ಇಷ್ಟು ವರ್ಷ ಆಡಿಕೊಂಡ ಮುಖ. ಒಂದು ಉಪಕಾರ ಮಾಡೋಣವೆನಿಸಿತು. ಇಲ್ಲಿ ನಾನು ತರ್ಕಶಾಸ್ತ್ರಕ್ಕೆ ಕೈ ಹಾಕಿದೆ: ಸುಕ್ಕು ಹುಟ್ಟಿದಾಗಿನಿಂದ ಇದ್ದದ್ದೋ, ಆಮೇಲೆ ಬಂದದ್ದೋ? ಆಮೇಲೆ ಬಂದದ್ದು. ಅಂದರೆ ಕಲೆ. ತೆಗೆಯಲಡ್ಡಿಯಿಲ್ಲ!

ಮೊದಲು ಕಣ್ಣಿನ ಬದಿಯ ಗೆರೆ. ಆಮೇಲೆ ಹಣೆ. ಹಣೆ ನುಣುಪಾದ ಮೇಲೆ ಕೆನ್ನೆ ಹೊಂದಲಿಲ್ಲ, ಕೆನ್ನೆ ತೆಗೆದೆ. ಕೆನ್ನೆ ಆದ ಮೇಲೆ ಕೊರಳು ಬೇರೆಯವರದರಂತೆ ಕಂಡಿತು, ಕೊರಳು ತೆಗೆದೆ. ಗದ್ದದ ಮೇಲಿನ ಹಸಿರು ಹಚ್ಚೆಯ ಚುಕ್ಕಿಯೂ ಆ ಭರದಲ್ಲಿ ಹೋಯಿತು. ಇಷ್ಟು ಚೆಂದದ ಮುಖಕ್ಕೆ ಬಿಳಿ ಕೂದಲು ಯಾಕೆಂದು ಕಪ್ಪು ಬಳಿದೆ. ತನ್ನ ತಲೆಗೆ ಇಲ್ಲದ ಕೂದಲಿನ ಚಿಂತೆ ಬಿಟ್ಟು ಇನ್ನೊಬ್ಬರ ಕೂದಲಿಗೆ ಬಣ್ಣ ಹಚ್ಚುವುದೇ ಈ ವೃತ್ತಿಯ ತ್ಯಾಗ. ಸಂಜೆಯ ಹೊತ್ತಿಗೆ ಆಯಿ ಪಾಲಿಶ್ ಹೊಡೆದ ಗ್ರಾನೈಟ್ ಹಲಗೆಯ ಹಾಗೆ ಮಿಂಚುತ್ತಿದ್ದಳು. ಖುಷಿಯಲ್ಲಿ ಸೇವ್ ಒತ್ತಿದೆ. ಅದೇ ಹೆಸರಿನಲ್ಲಿ.

ಆಯಿ ಪ್ರಿಂಟನ್ನು ಕಣ್ಣಿನ ಹತ್ತಿರ ಹಿಡಿದಳು, ದೂರ ಹಿಡಿದಳು.

"ಚಂದ ಬಂದೇನಲ್ಲೋ!"

"ಬರಲಾರದೇನು? ತಿದ್ದಿದವ ಯಾರು?"

"ನಿನ್ನ ಕೈಯಾಗ ಹುಳಾ ಬೀಳ್ಲಿ, ಇಷ್ಟ ದಿನಾ ಯಾಕ ಹೇಳಲಿಲ್ಲೋ ಇಂಥಾದ್ದೊಂದು ಐತಿ ಅಂತ!" ಎಂದು ನಗುತ್ತ, ಕೆಮ್ಮುತ್ತ, ಓಣಿಯಲ್ಲಿ ನಾಲ್ಕು ಮನೆಗೆ ತೋರಿಸಿಕೊಂಡೇ ಹೋದಳು.

ಮರುದಿನ ಹನ್ನೊಂದರ ಬಸ್ಸಿಗೆ ಹುನಗುಂದಕ್ಕೆ ಹೋದವಳು ಮೂರಕ್ಕೆ ತಿರುಗಿ ಬಂದಳು. ಮನೆಗೆ ಹೋಗದೆ ನೇರ ಸ್ಟುಡಿಯೋಗೆ. ಆಯಿ ಬಯ್ಯುತ್ತ ಬಂದಿದ್ದರೆ ನಾನು ಹೆದರುತ್ತಿರಲಿಲ್ಲ. ಸುಮ್ಮನೆ ಬಂದು ಗಿರಾಕಿಗಳ ಬೆಂಚಿನ ಮೇಲೆ ಕೂತಳು.

"ಏನಾತು ಆಯಿ?"

"ಮಗಳ ಫೋಟೋ ಯಾಕ ತಂದೀಬೇ ಅಂದ್ರು."

ಅದರ ಹಿಂದಿನದನ್ನು ನಾನು ಕೇಳಿ ಕೇಳಿ ಬಿಡಿಸಿಕೊಳ್ಳಬೇಕಾಯಿತು. ಆಯಿಗೆ ಹುಟ್ಟಿದ ದಾಖಲೆ ಇಲ್ಲ, ಶಾಲೆಯ ಕಾಗದ ಇಲ್ಲ. ದವಾಖಾನೆಯ ಡಾಕ್ಟರು ಆಕೆಯನ್ನು ನೋಡಿ ಸುಮಾರು ಅರವತ್ತೆಂಟು ಎಂದು ಬರೆದುಕೊಟ್ಟಿದ್ದರು. ಕಾಗದದಲ್ಲಿ ಅರವತ್ತೆಂಟು, ಅದರ ಜೊತೆಗಿಟ್ಟ ಫೋಟೋದಲ್ಲಿ ಮೂವತ್ತೈದು. ತಹಸೀಲ ಕಚೇರಿಯ ಗುಮಾಸ್ತ ಸಾಹೇಬರು ತಪ್ಪೇನೂ ಹೇಳಿರಲಿಲ್ಲ. ನಾಳೆ ಮಧ್ಯಾಹ್ನ ಅರ್ಜಿಗಳೆಲ್ಲ ಬಾಗಲಕೋಟೆಗೆ ಹೋಗುತ್ತವೆ, ಅಷ್ಟರೊಳಗೆ ಸರಿಯಾದ ಫೋಟೋ ತಂದರೆ ಸರಿ, ಇಲ್ಲವಾದರೆ ಮುಂದಿನ ಸರ್ತಿ ಎಂದಿದ್ದರು. ಮುಂದಿನ ಸರ್ತಿ ಎಂದರೆ ಯಾವಾಗ ಎಂದು ಅವರಿಗೂ ಗೊತ್ತಿರಲಿಲ್ಲ.

"ನನ್ನ ವಯಸ್ಸಿಗಿ ಈ ಮಾರಿ ಬಿಟ್ರ ಬ್ಯಾರೆ ದಾಖಲಿ ಇದ್ದಿದ್ದುಲ್ಲೋ ಮಲ್ಲ್ಯಾ," ಎಂದಳು ಆಯಿ. "ಅದನ್ನೂ ತೊಳದು ಕೊಟ್ಟಿ."

ಮುಖದಲ್ಲಿ ಬರೆದಿದ್ದ ದಾಖಲೆಯನ್ನು ನಾನು ಕಲೆಯೆಂದು ಅಳಿಸಿದ್ದೆ.

ಮೂಲ ಫೋಟೋ ಹುಡುಕಿದೆ. ಇರಲಿಲ್ಲ, ಅದರ ಮೇಲೆಯೇ ನಾನು ಸೇವ್ ಮಾಡಿ ಕೂತಿದ್ದೆ. ಕಾರ್ಡು ಖಾಲಿ. ಕ್ಯಾಮೆರಾ ಬದಾಮಿಯಲ್ಲಿ ಯಾರದೋ ಅಕ್ಷತೆಯ ಮುಂದೆ. ಮೈಸೂರಿನ ದನಿಯೊಂದು ಕಿವಿಯಲ್ಲಿ ಮಲ್ಲಿಗೆ ಉದುರಿಸತೊಡಗಿತು.

"ಬಸ್ ಸ್ಟ್ಯಾಂಡಿನ ಕಡೆ ಇನ್ನೊಂದು ಸ್ಟುಡಿಯೋ ಐತಲ್ಲ, ಅಲ್ಲಿ ತಗಸಲೇನು?" ಎಂದಳು ಆಯಿ.

ಬುದ್ಧಿಯಿದ್ದವನಾಗಿದ್ದರೆ ಆ ಕ್ಷಣವೇ ಕೈ ಹಿಡಿದು ಕರೆದುಕೊಂಡು ಹೋಗುತ್ತಿದ್ದೆ. ಆದರೆ ಆ ಸ್ಟುಡಿಯೋದವನ ನಕಲಿ ಮಾಡಿ ನಾನು ಬಜಾರನ್ನೇ ನಗಿಸಿದ್ದೆ. ಅವನ ಮುಂದೆ ಹೋಗಿ ನಿಂತರೆ ಸಂಜೆಯೊಳಗೆ ಅವನು ನನ್ನ ನಕಲಿ ಮಾಡುತ್ತಾನೆ. ಒಬ್ಬ ಮುದುಕಿಯ ಪಗಾರ ಒಂದು ಕಡೆ, ನನ್ನ ಮರ್ಯಾದೆ ಒಂದು ಕಡೆ. ತಕ್ಕಡಿ ಯಾವ ಕಡೆ ವಾಲಿತೆಂದು ಹೇಳಲು ಈಗಲೂ ನಾಚಿಕೆ.

"ಬ್ಯಾಡ ಬ್ಯಾಡ ಆಯಿ. ತಗದಾಂವ ನಾನು, ಹಾಕಾಂವನೂ ನಾನ. ಅರ್ಧಾ ತಾಸು ಕುಂಡ್ರು."

ಹೀಗೆ ಸುಕ್ಕು ಹಾಕುವ ಕಾಯಕ ಶುರುವಾಯಿತು. ಸುಕ್ಕು ತೆಗೆಯಲು ನೂರು ದಾರಿ ಕಲಿಸಿದ್ದರು, ಹಾಕಲು ಯಾರೂ ಕಲಿಸಿರಲಿಲ್ಲ. ಕಪ್ಪು ಮಾಡುವ ಸಾಧನ ಹಿಡಿದು ಗೆರೆ ಎಳೆಯುತ್ತ ಹೋದೆ. ಆಯಿ ಎದುರಿಗೇ ಕೂತಿದ್ದಳು, ನೋಡಿಕೊಂಡು ಬರೆದರೆ ಮುಗಿಯುತ್ತಿತ್ತು. ನಾನು ನೋಡಲೇ ಇಲ್ಲ. ಈ ಮುಖ ನನಗೆ ಬಾಯಿಪಾಠವಲ್ಲವೇ? ಬಯ್ಯುವಾಗ ಹುಬ್ಬಿನ ನಡುವೆ ಎರಡು ಗೆರೆ, ಹಾಕಿದೆ. ನಗುವಾಗ ಕಣ್ಣಿನ ಬದಿಗೆ ಐದು, ಹಾಕಿದೆ. ಎಲೆ ಅಗಿಯುವಾಗ ಕೆನ್ನೆಯ ಗುಂಡಿ, ಕೆಮ್ಮುವಾಗ ಕೊರಳಿನ ನರ, ಸೂಜಿಗೆ ದಾರ ಪೋಣಿಸುವಾಗ ಮೂಗಿನ ಮೇಲೆ ಕೂಡುವ ನೆರಿಗೆ, ಒಂದೂ ಬಿಡಲಿಲ್ಲ. ಮನುಷ್ಯರ ಸುಕ್ಕುಗಳು ಪಾಳಿಯ ಪ್ರಕಾರ ಕೆಲಸಕ್ಕೆ ಬರುತ್ತವೆ, ಎಲ್ಲವೂ ಒಂದೇ ಹೊತ್ತಿಗೆ ಬರುವುದಿಲ್ಲ ಎಂಬುದು ನನಗೆ ಅಂದು ಹೊಳೆಯಲಿಲ್ಲ. ನನ್ನ ಆಯಿ ಒಂದೇ ಫೋಟೋದಲ್ಲಿ ನಗುತ್ತ, ಬಯ್ಯುತ್ತ, ಕೆಮ್ಮುತ್ತ, ಎಲೆ ಅಗಿಯುತ್ತ, ಸೂಜಿಗೆ ದಾರ ಪೋಣಿಸುತ್ತಿದ್ದಳು. ಬೇಸಿಗೆಯಲ್ಲಿ ಬಾಯಿ ಬಿಟ್ಟ ಎರೆಹೊಲ ಅದರ ಮುಂದೆ ನುಣುಪು.

ಪ್ರಿಂಟು ಕೈಗೆ ಕೊಟ್ಟೆ. ಆಯಿಯ ಮಂಜುಗಣ್ಣಿಗೆ ಏನು ಕಂಡಿತೋ, "ಮುದುಕಿ ಆತಲ್ಲ?" ಎಂದು ಮಾತ್ರ ಕೇಳಿದಳು.

"ಆತು. ಏನೂ ಕಡಿಮಿ ಇಲ್ಲ."

"ನಾಳೆ ನೀನೂ ಬಾ ಮತ್ತ. ನಾ ಒಬ್ಬಾಕಿ ಬೈಸಿಕೊಂಡು ಬರೂದುಲ್ಲ."

ಮರುದಿನ ಮೊದಲ ಬಸ್ಸಿಗೆ ಹೋದೆವು. ಆಯಿ ಕಿಟಕಿಯ ಬದಿ ಕೂತು ಮಡಿಲಲ್ಲಿ ಕಾಗದದ ಚೀಲವನ್ನು ಎರಡೂ ಕೈಯಲ್ಲಿ ಹಿಡಿದಿದ್ದಳು. ದಾರಿಯುದ್ದಕ್ಕೂ ಒಂದೇ ಮಾತಾಡಿದಳು: "ಇವತ್ತ ಅರ್ಜಿ ಹೋಗಲಿಲ್ಲಂದ್ರ ನಾ ಮತ್ತ ಈ ಕಚೇರಿಗಿ ಬರಾಕಿ ಅಲ್ಲಪಾ. ಬಸ್ಸಿನ ಮೆಟ್ಟಲಾ ಹತ್ತಾಕ ಆಗೂದುಲ್ಲ." ನಗಿಸಲು ನನ್ನ ಬಳಿ ಕಂಡಕ್ಟರನ ನಕಲಿಯಿತ್ತು; ಅಂದು ಅದನ್ನು ತೆಗೆಯಲಿಲ್ಲ.

ಕಚೇರಿಯಲ್ಲಿ ಸರದಿ ಉದ್ದವಿತ್ತು. ನಮ್ಮ ಪಾಳಿ ಬಂದಾಗ ಗುಮಾಸ್ತ ಸಾಹೇಬರು ಫೋಟೋ ನೋಡಿದರು, ಕನ್ನಡಕ ತೆಗೆದು ಒರೆಸಿ ಮತ್ತೆ ನೋಡಿದರು. ಮೇಜಿನ ಖಾನೆಯಿಂದ ಹಿಂದಿನ ದಿನದ ಫೋಟೋ ತೆಗೆದು ಪಕ್ಕದಲ್ಲಿಟ್ಟರು.

"ನಿನ್ನೆ ಮಗಳದು ತಂದಿದ್ದಿ. ಇವತ್ತ ತಾಯೀದು ತಂದೀಯೇನಬೇ?"

ಸರದಿ ನಕ್ಕಿತು. ನಾನು ಮುಂದೆ ಬಂದು, ಇದ್ದಬದ್ದ ಇಂಗ್ಲಿಷನ್ನೆಲ್ಲ ಕೂಡಿಸಿ, ರೀಟಚಿಂಗು, ಲೈಟಿಂಗು, ಸ್ಕಿನ್ ಟೋನು ಎಂದು ಶುರು ಮಾಡಿದೆ.

"ಯಾರು ನೀವು?"

"ಫೋಟೋ ತಿದ್ದಾಂವ್ರಿ ಸಾಹೇಬ್ರ."

"ಎರಡೂ ನೀವ ತಿದ್ದಿದ್ದೇನು?"

"ಹೂನ್ರಿ."

"ಮತ್ತ ತಪ್ಪು ಯಾರದು ಅಂತ ಹುಡುಕೂದೇನು ಉಳಿಲಿಲ್ಲ ಬಿಡ್ರಿ." ಅವರು ಎರಡೂ ಫೋಟೋಗಳನ್ನು ಆಯಿಯ ಕಡೆ ತಿರುಗಿಸಿದರು. ಸಿಟ್ಟಿರಲಿಲ್ಲ, ದಣಿವಿತ್ತು. "ಆಯಿ, ಅರ್ಜಿದಾರರನ್ನ ಖುದ್ದ ನೋಡೇನಿ ಅಂತ ನಾ ಬರದು ಸಹಿ ಮಾಡಬೇಕು. ನೀನ ಹೇಳು. ಇವೆರಡರಾಗ ನೀ ಯಾವಾಕಿ?"

ಮುಂದಾದದ್ದನ್ನು ಈಗಲೇ ಹೇಳಿಬಿಡುತ್ತೇನೆ. ಆಯಿಯ ಮಾತು ಬಂದ ಮೇಲೆ ನನ್ನ ಮಾತಿಗೆ ಕಿಮ್ಮತ್ತು ಉಳಿಯುವುದಿಲ್ಲ. ಆಕೆಯ ಉತ್ತರ ಕೇಳಿ ಸಾಹೇಬರು ಪೆನ್ನು ಕೆಳಗಿಟ್ಟು, ಮೇಜು ಅಲುಗಾಡುವಂತೆ ನಕ್ಕರು; ಅರ್ಜಿಯನ್ನು ಕಟ್ಟಿನ ಮೇಲೆ ತೆಗೆದಿಟ್ಟು, ತಾಸು ಹೊತ್ತು ಕಾಯುತ್ತೇನೆ, ಇಲ್ಲೇ ಹುನಗುಂದದ ಸ್ಟುಡಿಯೋದಲ್ಲಿ ಒಂದು ಫೋಟೋ ತೆಗೆಸಿಕೊಂಡು ಬನ್ನಿ, ಈ ಮನುಷ್ಯನನ್ನು ಮಾತ್ರ ಒಳಗೆ ಬಿಡಬೇಡಿ ಎಂದರು. ನಾನು ಹೊರಗೇ ನಿಂತೆ. ಅರ್ಜಿ ಅಂದೇ ಬಾಗಲಕೋಟೆಗೆ ಹೋಯಿತು, ಮಂಜೂರಾಯಿತು. ಮೊದಲ ಪಗಾರದಲ್ಲಿ ಆಯಿ ನನಗೂ ಒಂದು ಎಲೆ ಮಡಚಿ ಕೊಟ್ಟಳು, ಸುಣ್ಣ ಮಾತ್ರ ಬೇಕೆಂದೇ ಜಾಸ್ತಿ ಹಚ್ಚಿ.

ಅಂದು ಮೇಜಿನ ಮುಂದೆ ಆಯಿ ಎರಡು ಫೋಟೋಗಳನ್ನೂ ಎತ್ತಿಕೊಂಡಳು. ಒಂದನ್ನು ಕಣ್ಣಿನ ಹತ್ತಿರ ಹಿಡಿದಳು, ಇನ್ನೊಂದನ್ನು ಹಿಡಿದಳು, ನನ್ನ ಕಡೆ ಒಮ್ಮೆ ನೋಡಿದಳು. ಆಮೇಲೆ ಎರಡನ್ನೂ ಮೇಜಿನ ಮೇಲಿಟ್ಟು, ತಲೆಯ ಮೇಲಿನ ಸೆರಗನ್ನು ಪೂರ್ತಿ ಹಿಂದೆ ಸರಿಸಿ, ನೆಟ್ಟಗೆ ನಿಂತು ಹೇಳಿದಳು:

"ಎರಡೂ ನಾನ ಅದೀನ್ರಿ ಸಾಹೇಬ್ರ. ಒಂದು ನನ್ನ ಮದಿವಿಗಿಂತ ಮೊದಲಿಂದು, ಇನ್ನೊಂದು ನನ್ನ ಮಣ್ಣ ಮಾಡಿದ ಮ್ಯಾಲಿಂದು. ನಡುವ ಉಳದಾಕಿ ಇಲ್ಲಿ ನಿಂತಾಳ ನೋಡ್ರಿ, ಪಗಾರ ಈಕಿಗಿ ಹಚ್ರಿ."